ಹಡ್ಲಿಗೆ ಇಳಿಯುವ ಮುಂಚೆ

(ಸುಗ್ಗಿ ಮುಗಿದ ಮೇಲೆ ನಮ್ಮೂರಿನ ರೈತರು ಸೇರಿದ್ದ ಕೂಟದಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಹೊರಗಿನ ಓದುಗರಿಗಾಗಿ ಅಲ್ಲಲ್ಲಿ ಒಂದೆರಡು ವಿವರ ಸೇರಿಸಿದ್ದೇನೆ.)



ಇವತ್ತು ನಾವು ಕೂತಿರುವುದು ಹಂದಿ ವಿಚಾರಕ್ಕೆ. ಬೆಲೆ, ಸಾಲ, ಜಪ್ತಿ ಎಂದು ಬರೆಯುವ ಪತ್ರಿಕೆಯಲ್ಲಿ ಹಂದಿಬೇಟೆಯ ಮಾತು ಯಾಕೆ ಬಂತು ಎಂದು ಓದುವವರಲ್ಲಿ ಕೆಲವರು ಕೇಳಬಹುದು. ಕಡೇತನಕ ಕೇಳಿ. ಎರಡೂ ಒಂದೇ ಗಂಟಿನ ಎರಡು ತುದಿ ಎಂದು ನಿಮಗೇ ಗೊತ್ತಾಗುತ್ತದೆ.

ನಮ್ಮ ಹುಡುಗರು ಒಂದು ಯೋಜನೆ ಮಾಡಿದ್ದಾರೆ. ಊರ ಕೆಳಗಿನ ಹಡ್ಲಿನಲ್ಲಿ ಹಂದಿ ಹಿಂಡು ಮನೆ ಮಾಡಿಕೊಂಡಿದೆ, ಬರುವ ಭಾನುವಾರ ಇಪ್ಪತ್ತು ಇಪ್ಪತ್ತೈದು ಜನ ಕೂಡಿ ಹಳು ಹೊಡೆಯೋಣ, ಊರಲ್ಲಿ ನಾಲ್ಕು ಕೋವಿ ಇದೆ, ನಾಯಿ ಇದೆ, ಒಂದೇ ದಿನಕ್ಕೆ ತೀರ್ಮಾನ ಮಾಡಿಬಿಡೋಣ ಎಂದು ಅವರ ವಾದ. ಅವರ ಸಿಟ್ಟು ಸುಳ್ಳಿನ ಸಿಟ್ಟಲ್ಲ. ಭತ್ತ ಹಾಲುಗಾಳಾದ ದಿನದಿಂದ ಗದ್ದೆ ಮಾಳದಲ್ಲಿ ಕಂಬಳಿ ಹೊದ್ದು, ಬ್ಯಾಟರಿ ಹಿಡಿದು, ಡಬ್ಬ ಬಡಿದು ನಿದ್ದೆ ಕೆಟ್ಟವರು ಅವರು. ಬೆಳಗಿನ ಜಾವ ಒಂದು ಗಳಿಗೆ ಕಣ್ಣು ಮುಚ್ಚಿದ್ದಕ್ಕೆ ಅರ್ಧ ಗದ್ದೆ ಚಾಪೆ ಹಾಸಿದ ಹಾಗೆ ಮಲಗಿದ್ದನ್ನು ಕಂಡವರು. ಹಂದಿ ತಿನ್ನುವುದು ಒಂದು ಪಾಲು, ತುಳಿದು ಹೊರಳಾಡಿ ಕೆಡಿಸುವುದು ಮೂರು ಪಾಲು. ಎರೆಹುಳದ ಆಸೆಗೆ ಅಂಚು ಕಿತ್ತು ನೀರು ಬಿಡುತ್ತದೆ. ನೆಟ್ಟ ಅಡಿಕೆ ಸಸಿಯ ಬುಡ ಮಗುಚುತ್ತದೆ. ಬಾಳೆ, ಗೆಣಸು, ಸುವರ್ಣಗಡ್ಡೆ ಯಾವುದನ್ನೂ ಬಿಡುವುದಿಲ್ಲ.

ಬಯಲುಸೀಮೆಯ ಓದುಗರಿಗೆ ಒಂದು ಮಾತು. ಹಡ್ಲು ಎಂದರೆ ನಮ್ಮ ಮಲೆನಾಡಿನಲ್ಲಿ ಎರಡು ಗುಡ್ಡಗಳ ನಡುವಿನ ತಗ್ಗು, ವರ್ಷದ ಬಹುಪಾಲು ನೀರು ಒಸರುವ ಕೆಸರು ನೆಲ. ಉತ್ತು ನೆಟ್ಟರೆ ಅದೇ ಗದ್ದೆ. ಬಿಟ್ಟರೆ ಮೂರು ಮಳೆಗಾಲದಲ್ಲಿ ಜೊಂಡು, ಕೇದಗೆ, ಅಂಚಿಗೆ ಮುಳ್ಳುಜಿಗ್ಗು ಬೆಳೆದು ಹಗಲಲ್ಲೇ ಕತ್ತಲೆ. ಹಂದಿಗೆ ನಮ್ಮ ಹಾಗೆ ಮೈ ಬೆವರುವುದಿಲ್ಲ, ಸೆಕೆ ಆರಿಸಿಕೊಳ್ಳಲು ಕೆಸರೇ ಬೇಕು. ಕುಡಿಯಲು ನೀರು, ಹೊರಳಲು ಕೆಸರು, ಅಡಗಲು ಜೊಂಡು, ಹತ್ತು ಮಾರು ದೂರದಲ್ಲಿ ಊಟ. ಇಷ್ಟು ಅನುಕೂಲದ ಮನೆ ನಮ್ಮಲ್ಲಿ ಎಷ್ಟು ಜನಕ್ಕಿದೆ ಹೇಳಿ!

ಬೇಟೆಗೆ ಹೊರಡುವವರಿಗೆ ನಾನು ಮೊದಲು ನನ್ನ ಕಣ್ಣಾರೆ ಕಂಡ ಒಂದು ಬೇಟೆಯ ಕತೆ ಹೇಳಬೇಕು. ಗೊತ್ತಿದ್ದವರು ಇನ್ನೊಂದು ಸಲ ಕೇಳಿ.

1984ನೇ ಇಸವಿ, ನನಗೆ ಹದಿನಾಲ್ಕು ವರ್ಷ. ಇದೇ ಹಡ್ಲಿನ ಮೇಲ್ತುದಿಯಲ್ಲಿ ಹಂದಿ ಬಿದ್ದಿದೆ ಎಂದು ಸುದ್ದಿ ಬಂತು. ಗಂಜಿ ಉಂಡು ಹೊರಟರು. ಯಾರು ಎಲ್ಲಿ ನಿಲ್ಲಬೇಕು ಎಂದು ದಾರಿಯಲ್ಲಿ ಮಾತಾಡಿಕೊಂಡರು, ಅಷ್ಟೇ ಯೋಜನೆ. ಕೋವಿ ಇದ್ದವರು ದಿಣ್ಣೆಯ ಮೇಲೆ ಕಂಡಿಗೆ ಕೂತರು. ನನ್ನ ದೊಡ್ಡಪ್ಪನ ಮಗ, ನಾನು, ಮತ್ತೆ ಕೂಲಿಗೆ ಬರುತ್ತಿದ್ದ ಆರೇಳು ಜನ ಕೆಳಗಿನಿಂದ ಹಳು ನುಗ್ಗಿದೆವು. ನನ್ನ ಕೈಯಲ್ಲಿ ಸೀಮೆಎಣ್ಣೆ ಡಬ್ಬ. ಜೊಂಡು ತಲೆ ಮೇಲೆ, ಕೆಸರು ಮಂಡಿಗೆ. ಪಕ್ಕದವನ ಸದ್ದು ಕೇಳುತ್ತದೆ, ಆಳು ಕಾಣುವುದಿಲ್ಲ. ಅಣ್ಣ ನನಗಿಂತ ಚುರುಕು, ಒಂದಿಷ್ಟು ಮುಂದೆ ಹೋಗಿದ್ದ. ಕಂಡಿಯಲ್ಲಿ ಕೂತವರಿಗೆ ಜೊಂಡು ಅಲ್ಲಾಡಿದ್ದು ಕಂಡಿತು, ಹಂದಿ ಎಂದೇ ತಿಳಿದು ಈಡು ಹೊಡೆದರು. ಚರೆ ಅಣ್ಣನ ಮಂಡಿಗೂ ತೊಡೆಗೂ ಬಿತ್ತು.

ಹೊಡೆದವರು ಕೆಟ್ಟವರಲ್ಲ. ಅದೇ ರಾತ್ರಿ ಅತ್ತವರು ಅವರೇ. ಕಂಬಳಿಯ ಜೋಲಿ ಮಾಡಿ ಟಾರು ರಸ್ತೆಗೆ ಹೊತ್ತು ತಂದು ಲಾರಿ ಹತ್ತಿಸಿದೆವು. ಆ ಕೋವಿಯ ಪರವಾನಗಿ ತೀರಿಹೋದವರ ಹೆಸರಿನಲ್ಲಿತ್ತು. ಹಾಗಾಗಿ ಆಸ್ಪತ್ರೆಗೆ ಒಂದು ಖರ್ಚು, ಕೇಸು ಆಗದಂತೆ ನೋಡಿಕೊಳ್ಳಲು ಇನ್ನೊಂದು ಖರ್ಚು. ದೊಡ್ಡಪ್ಪ ನಾಲ್ಕು ಸಾವಿರ ಸಾಲ ಎತ್ತಿದರು, ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ. ಎರಡು ವರ್ಷದಲ್ಲಿ ಎತ್ತಿನ ಜೋಡಿ ಹೋಯಿತು. ಅಣ್ಣನ ಮಂಡಿ ಮಡಚಲೇ ಇಲ್ಲ. ಕೆಸರಿನಲ್ಲಿ ನಿಂತು ನಾಟಿ ಮಾಡುವ ಕಾಲಲ್ಲ ಅದು. ಅವರ ಒಂದೂವರೆ ಎಕರೆ ಗದ್ದೆಯನ್ನು ನಾವು ನಾಲ್ಕು ಮನೆಯವರು ಮುಯ್ಯಾಳಿನಲ್ಲಿ ಕೆಲವು ವರ್ಷ ನೆಟ್ಟು ಕೊಟ್ಟೆವು. ಆಮೇಲೆ ಕೂಲಿ ಏರಿತು, ಗೊಬ್ಬರ ಏರಿತು, ಭತ್ತದ ಬೆಲೆ ಅವುಗಳ ಹಿಂದೆ ಓಡಿ ಓಡಿ ಸುಸ್ತಾಯಿತು. ನಮ್ಮ ಗದ್ದೆಯೇ ನಮಗೆ ಭಾರವಾದಾಗ ಅವರ ಗದ್ದೆಯನ್ನು ಬಿಟ್ಟೆವು. ಹೌದು, ಬಿಟ್ಟವರಲ್ಲಿ ನಾನೂ ಒಬ್ಬ.

ಈಗ ಹಂದಿ ಹಿಂಡು ಮಲಗುವುದು ಎಲ್ಲಿ ಗೊತ್ತೇ? ಆ ಒಂದೂವರೆ ಎಕರೆಯಲ್ಲೇ.

ಅಂದು ಹಂದಿ ಸಿಕ್ಕಿತ್ತು, ಅದನ್ನೂ ಹೇಳಬೇಕು. ಇನ್ನೊಂದು ಕಂಡಿಯಲ್ಲಿ ಬಿತ್ತು. ಪಾಲೂ ಆಯಿತು. ನಮ್ಮಮ್ಮ ನಮ್ಮ ಮನೆಯ ಪಾಲನ್ನು ಅಡಿಗೆ ಮಾಡಲಿಲ್ಲ.

ಈಗ ಲೆಕ್ಕಕ್ಕೆ ಬನ್ನಿ. ಹಡ್ಲಿನ ಮಗ್ಗುಲಲ್ಲೇ ನನ್ನದು ಒಂದು ಎಕರೆ ಇದೆ. ಹಂದಿ ಕಾಲಿಡದ ವರ್ಷ ಹದಿನಾರು ಕ್ವಿಂಟಲ್ ಕಂಡ ಭೂಮಿ. 2025ರ ಸುಗ್ಗಿಯಲ್ಲಿ ಒಂಬತ್ತು ಕ್ವಿಂಟಲ್ ಬಂತು. ಹೋದದ್ದು ಏಳು. 2025-26ರ ಸಾಲಿಗೆ ಕೇಂದ್ರ ಸರ್ಕಾರ ಸಾಮಾನ್ಯ ಭತ್ತಕ್ಕೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 2369 ರೂಪಾಯಿ. ಆ ಬೆಲೆ ಕೈಗೆ ಸಿಕ್ಕಿತು ಎಂದೇ ಇಟ್ಟುಕೊಂಡರೂ 16,583 ರೂಪಾಯಿ ಕೆಸರಿಗೆ ಹೋಯಿತು. ಸರಿ, ಕಾಯಲು ಆಳು ಇಟ್ಟುಕೊಳ್ಳೋಣ ಎಂದರೆ ನಲವತ್ತು ರಾತ್ರಿ, ರಾತ್ರಿಗೆ ಐನೂರು, ಒಟ್ಟು ಇಪ್ಪತ್ತು ಸಾವಿರ. ಕಾಯದಿದ್ದರೆ ಹದಿನಾರೂವರೆ ಸಾವಿರ ನಷ್ಟ, ಕಾದರೆ ಇಪ್ಪತ್ತು ಸಾವಿರ ನಷ್ಟ! ಇಂಥ ಲೆಕ್ಕ ನೋಡಿದ ಮನುಷ್ಯ ಏನು ಮಾಡುತ್ತಾನೆ? ಗದ್ದೆ ಬಿಡುತ್ತಾನೆ. ಅವನು ಬಿಟ್ಟದ್ದೇ ಹಡ್ಲು, ಹಂದಿ ಮನೆ ಒಂದು ಎಕರೆ ದೊಡ್ಡದಾಯಿತು. ಮಾರನೇ ವರ್ಷ ಪಕ್ಕದವನ ಸರದಿ. ನಮ್ಮ ಕಣಿವೆಯಲ್ಲಿ ಹೀಗೆ ಒಂದರ ಹಿಂದೆ ಒಂದು ಗದ್ದೆ ಉರುಳಿದ್ದನ್ನು ನಾವೆಲ್ಲ ನೋಡಿದ್ದೇವೆ.

ಅದಕ್ಕೇ ನಾನು ಹೇಳುವುದು, ಈ ಹಂದಿಯನ್ನು ಸಾಕಿದ್ದು ಭತ್ತದ ಬೆಲೆ. ವೈಜ್ಞಾನಿಕ ಬೆಲೆ ಕೊಡಿ ಎಂದು ನಾವು ಕೇಳುವಾಗ ಬೀಜ, ಗೊಬ್ಬರ, ಕೂಲಿ ಎಂದು ಪಟ್ಟಿ ಮಾಡುತ್ತೇವೆ. ಮಾಳದಲ್ಲಿ ಕಳೆದ ನಲವತ್ತು ರಾತ್ರಿಯ ನಿದ್ದೆಯನ್ನು ಯಾವ ಲೆಕ್ಕಿಗ ಪಟ್ಟಿಗೆ ಸೇರಿಸಿದ? 1951ರಲ್ಲಿ ಕಾಗೋಡಿನಲ್ಲಿ ಗೇಣಿದಾರರು ಹೋರಾಡಿದರು. 1974ರಲ್ಲಿ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದು ಉಳುವವನೇ ಹೊಲದೊಡೆಯ ಎಂದಾಯಿತು. ಆ ಮಾತನ್ನು ಈಗ ಹಂದಿಯೂ ಕೇಳಿಸಿಕೊಂಡ ಹಾಗಿದೆ ಮಾರಾಯ್ರೇ! ನಮ್ಮ ಗದ್ದೆಯನ್ನು ಉಳುತ್ತಿರುವುದು ಅದೇ ತಾನೇ?

ನಗು ಬಂದರೆ ನಗಿ. ಆದರೆ ಭಾನುವಾರದ ವಿಚಾರ ಬಿಡುವ ಹಾಗಿಲ್ಲ.

ಮೊದಲನೆಯದು ಕಾನೂನು. ನಮಗೆ ಹಿಡಿಸಲಿ ಬಿಡಲಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಕಾಡುಹಂದಿ ಮೊದಲು ಅದರ ಮೂರನೇ ಅನುಸೂಚಿಯಲ್ಲಿತ್ತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಂದು ಜಾರಿಗೆ ಬಂದ ಮೇಲೆ ಎರಡನೇ ಅನುಸೂಚಿಗೆ ಸೇರಿದೆ. ಆ ಕಾಯ್ದೆಯ ಪ್ರಕಾರ ಬೇಟೆ ಎಂದರೆ ಪ್ರಾಣಿ ಸತ್ತರೆ ಮಾತ್ರ ಅಲ್ಲ. ಬೇಟೆಗೆಂದು ಅಟ್ಟುವುದು, ಉರುಳು ಒಡ್ಡುವುದು, ಆಮಿಷ ಇಡುವುದು, ಇವಕ್ಕೆ ಪ್ರಯತ್ನ ಮಾಡುವುದು, ಎಲ್ಲವೂ ಬೇಟೆಯೇ. ಹಂದಿ ಸಿಗದೆ ಬರಿಗೈಯಲ್ಲಿ ಮನೆಗೆ ಬಂದರೂ ಕೇಸು ನಿಲ್ಲುತ್ತದೆ. ಮೂರು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ. ಅಭಯಾರಣ್ಯದೊಳಗಾದರೆ ಅದಕ್ಕೂ ಕಠಿಣ. ಕೋವಿ, ಜೀಪು ಎಲ್ಲ ವಶಕ್ಕೆ ಹೋಗುತ್ತದೆ. ‘ನನ್ನ ಹತ್ತಿರ ಬೆಳೆ ರಕ್ಷಣೆಯ ಪರವಾನಗಿ ಇದೆ’ ಎಂದು ಕೆಲವರು ಎದೆ ತಟ್ಟುತ್ತಾರೆ. ಆ ಪರವಾನಗಿ ಕೋವಿ ಇಟ್ಟುಕೊಳ್ಳಲು. ಹಂದಿ ಹೊಡೆಯಲು ಬೇರೆ ಅಪ್ಪಣೆ ಬೇಕು.

ಆ ಅಪ್ಪಣೆಗೂ ಅದೇ ಕಾಯ್ದೆಯಲ್ಲಿ ಬಾಗಿಲಿದೆ. 11ನೇ ಕಲಮು ಓದಿಸಿ ನೋಡಿ. ಎರಡನೇ ಅನುಸೂಚಿಯ ಪ್ರಾಣಿ ಮನುಷ್ಯನ ಜೀವಕ್ಕೋ ಆಸ್ತಿಗೋ ಅಪಾಯವಾದರೆ, ಕಾರಣ ಬರೆದು ಲಿಖಿತ ಆದೇಶ ಮಾಡಿ, ಗೊತ್ತಾದ ಪ್ರದೇಶದಲ್ಲಿ ಅದನ್ನು ಬೇಟೆಯಾಡಲು ಅನುಮತಿ ಕೊಡುವ ಅಧಿಕಾರ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅಥವಾ ಅವರು ನೇಮಿಸಿದ ಅಧಿಕಾರಿಗೆ ಇದೆ. ಆಸ್ತಿ ಎಂದರೆ ನಿಂತ ಬೆಳೆಯೂ ಸೇರಿತು ಎಂದು ಅಲ್ಲೇ ಬರೆದಿದೆ. ನಾವು ಈ ಬಾಗಿಲು ತಟ್ಟಿದ್ದೇವೆಯೇ? ಕಚೇರಿಗೆ ಹೋಗಿ ಬಾಯಲ್ಲಿ ಹೇಳಿ ಬಂದಿದ್ದೇವೆ. ಬಾಯಲ್ಲಿ ಹೇಳಿದ್ದಕ್ಕೆ ಬಾಯಲ್ಲೇ ಉತ್ತರ ಬರುತ್ತದೆ. ಸರ್ವೆ ನಂಬರು, ಬೆಳೆ, ನಷ್ಟ, ದಿನಾಂಕ, ಫೋಟೋ, ಕೋವಿ ಇದ್ದವರ ಪರವಾನಗಿಯ ನಕಲು, ಎಲ್ಲ ಸೇರಿಸಿ ಊರಿನವರೆಲ್ಲ ಸಹಿ ಹಾಕಿದ ಒಂದೇ ಅರ್ಜಿ ವಲಯ ಅರಣ್ಯಾಧಿಕಾರಿಗಳ ಮೂಲಕ ಹೋಗಬೇಕು. ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬರಬೇಕು. ಕಾಗದ ಕೈಗೆ ಬರುವ ತನಕ ಕೋವಿ ಗೋಡೆಯ ಮೇಲೆ ಇರಲಿ.

ಕಾಗದ ಬಂತು ಎಂದಿಟ್ಟುಕೊಳ್ಳಿ. ಆವಾಗ ಯೋಜನೆ ಹೇಗಿರಬೇಕು? 1984ರಲ್ಲಿ ನಾವು ಮಾಡದ ಒಂದೊಂದು ಕೆಲಸವನ್ನೂ ಲೆಕ್ಕ ಹಾಕಿಯೇ ಇದನ್ನು ಹೇಳುತ್ತಿದ್ದೇನೆ.

ಒಬ್ಬ ಯಜಮಾನ ಇರಬೇಕು. ಅವನ ಕೈಯಲ್ಲಿ ಕೋವಿ ಇರಬಾರದು, ಸೀಟಿ ಇರಬೇಕು. ಬರುವವರ ಹೆಸರಿನ ಪಟ್ಟಿ ಹಿಂದಿನ ದಿನವೇ ಆಗಬೇಕು, ಪಟ್ಟಿಯಲ್ಲಿ ಇಲ್ಲದವನು ಹಡ್ಲಿಗೆ ಇಳಿಯಬಾರದು. ಹದಿನೆಂಟು ತುಂಬದವರು ಬೇಡ. ಕುಡಿದವನು ಅಪ್ಪನಾದರೂ ಬೇಡ. ಅಪ್ಪಣೆಯಲ್ಲಿ ಹೆಸರಿದ್ದವನೇ ತನ್ನ ಕೋವಿ ಹಿಡಿಯಬೇಕು, ಭಾವನ ಕೋವಿ ಭಾವಮೈದುನನ ಕೈಗೆ ಬರಬಾರದು.

ಜಾಗವನ್ನು ಮೊದಲೇ ನಡೆದು ನೋಡಬೇಕು. ಹೆಜ್ಜೆ ಎಲ್ಲಿ ಹೋಗಿದೆ, ಯಾವ ಕಂಡಿಯಲ್ಲಿ ದಾಟುತ್ತದೆ, ಎಲ್ಲಿ ನೆಲ ಗಟ್ಟಿ, ಎಲ್ಲಿ ಆಳು ಸೊಂಟದವರೆಗೆ ಹೂತು ಹೋಗುತ್ತಾನೆ ಎಂದು ಗುರುತು ಹಾಕಬೇಕು. ಹಳು ಹೊಡೆಯುವ ಪ್ರತಿಯೊಬ್ಬನ ಕೈಯಲ್ಲೂ ಒಂದು ಬಿದಿರ ಗಳ ಇರಲಿ. ಕೆಸರಿಗೆ ಸಿಕ್ಕಿದರೆ ಅಡ್ಡ ಹಾಕಿ ಏಳಲು ಅದೇ ಆಸರೆ. ಹಂದಿಗೆ ಕಣ್ಣು ಮಂದ, ಮೂಗು ಮತ್ತು ಕಿವಿ ಬಹಳ ಚುರುಕು. ಗಾಳಿ ಹಳು ಹೊಡೆಯುವವರ ಬೆನ್ನಿನಿಂದ ಕಂಡಿಯ ಕಡೆಗೆ ಬೀಸಬೇಕು. ತಿರುಗುಗಾಳಿ ಇದ್ದ ದಿನ ಹೊರಡದಿರುವುದೇ ಲೇಸು.

ಕಂಡಿಗೆ ಕೂರುವವರು ನೆಲದಲ್ಲಿ ಕೂರಬಾರದು. ಅಟ್ಟಣೆ ಕಟ್ಟಿ ಮೇಲೆ ಕೂತರೆ ಈಡು ನೆಲಕ್ಕೆ ಇಳಿಯುತ್ತದೆ, ಅಡ್ಡ ಹಾರುವುದಿಲ್ಲ. ಹಳು ಬರುವ ದಿಕ್ಕಿಗೆ ಕೋವಿ ತಿರುಗಿಸಲೇಬಾರದು. ಹಂದಿ ಕಂಡಿ ದಾಟಿ ಹಿಂದಕ್ಕೆ ಹೋದ ಮೇಲೆ, ಇಡೀ ಹಂದಿ ಕಣ್ಣಿಗೆ ಕಂಡ ಮೇಲೆ ಮಾತ್ರ ಈಡು. ಜೊಂಡು ಅಲ್ಲಾಡಿದ್ದಕ್ಕೆ, ಸದ್ದು ಆದದ್ದಕ್ಕೆ ಹೊಡೆಯುವವನು ಮನೆಯಲ್ಲಿರಲಿ. ಹಳು ನುಗ್ಗುವವರ ತಲೆಗೆ ಕೆಂಪು ಬಟ್ಟೆ, ಬಾಯಲ್ಲಿ ನಿಲ್ಲದ ಕೂಗು. ಯಜಮಾನನ ಸೀಟಿ ಕೇಳಿದರೆ ಕೋವಿಯಿಂದ ತೋಟಾ ತೆಗೆದು ಕೆಳಗಿಡಬೇಕು. ಗಾಯವಾದ ಹಂದಿಯ ಬೆನ್ನು ಹತ್ತಿ ಜೊಂಡಿಗೆ ಒಬ್ಬನೇ ನುಗ್ಗಬಾರದು. ಅದರ ಕೋರೆ ಮೊದಲು ತಾಗುವುದು ಮನುಷ್ಯನ ತೊಡೆಗೆ. ಮರಿ ಇರುವ ತಾಯಿಯನ್ನು ಕಂಡರೆ ದಾರಿ ಬಿಡಿ.

ಕೆಸರಿನಲ್ಲಿ ಹಂದಿಗಿಂತ ಸಣ್ಣ ಶತ್ರುಗಳೂ ಇವೆ. ಇಂಬಳ ಕಚ್ಚಿದರೆ ರಕ್ತ ಮಾತ್ರ ಹೋಗುತ್ತದೆ. ಕಾಲಿನ ಗಾಯಕ್ಕೆ ಹಡ್ಲಿನ ನೀರು ಸೇರಿದರೆ ಇಲಿಜ್ವರ ಬರಬಹುದು. ಗಾಯ ಇದ್ದವರು ಇಳಿಯಬೇಡಿ. ಇಳಿದವರಿಗೆ ಆಮೇಲೆ ಜ್ವರ ಬಂದರೆ ಹಡ್ಲಿಗೆ ಇಳಿದದ್ದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಇನ್ನು ಮಂಗನ ಕಾಯಿಲೆ. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಕಾಯಿಲೆ ಅದು. ಸುಗ್ಗಿ ಮುಗಿದ ಮೇಲಿನ ಒಣ ತಿಂಗಳುಗಳೇ ಅದರ ಕಾಲ. ಉಣುಗಿನಿಂದ ಬರುತ್ತದೆ. ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಹಚ್ಚಿಕೊಂಡು, ಮೈ ತುಂಬ ಬಟ್ಟೆ ಹಾಕಿಕೊಂಡು ಹೋಗಿ, ಬಂದ ಕೂಡಲೇ ಬಿಸಿನೀರಿನಲ್ಲಿ ಮಿಂದು ಬಟ್ಟೆ ಕುದಿಸಿ. ಹತ್ತಿರದಲ್ಲಿ ಮಂಗ ಸತ್ತಿದ್ದು ಕಂಡರೆ ಆ ಕಡೆ ಹೋಗುವುದನ್ನೇ ಬಿಡಿ, ಇಲಾಖೆಗೆ ತಿಳಿಸಿ. ಹೊಡೆಯದೆಯೇ ಸತ್ತುಬಿದ್ದ ಹಂದಿ ಕಂಡರೂ ಮುಟ್ಟದೆ ತಿಳಿಸಬೇಕು. 2020ರಲ್ಲಿ ಈಶಾನ್ಯ ರಾಜ್ಯಗಳಲ್ಲಿ ಮೊದಲು ಕಾಣಿಸಿಕೊಂಡ ಆಫ್ರಿಕನ್ ಹಂದಿಜ್ವರ ಮನುಷ್ಯನಿಗೆ ತಾಗುವುದಿಲ್ಲ. ಆದರೆ ನಮ್ಮ ಬಟ್ಟೆ ಚಪ್ಪಲಿಯಲ್ಲಿ ಸಾಗಿ ಹಂದಿ ಸಾಕಿದ ಬಡವನ ಗೂಡು ಖಾಲಿ ಮಾಡುತ್ತದೆ.

ಹೋಗುವ ಜಾಗದ ಮೇಲೂ ನಿಗಾ ಇರಲಿ. ನಾವು ಇಳಿಯುವುದು ನಮ್ಮ ಪಹಣಿಯ ಹಡ್ಲಿಗೆ. ಕಾಡಿನೊಳಗಿನ ಜಡ್ಡಿಗೆ ಅಲ್ಲ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಂಥ ರಾಂಪತ್ರೆ ಜಡ್ಡಿಗಳು ಬೇಸಗೆಯಲ್ಲೂ ಹಳ್ಳಕ್ಕೆ ನೀರು ಕೊಡುವ ತಾಯಿಬೇರು. ಅಂಥಲ್ಲಿ ಹಳು ಹೊಡೆದರೆ ನಮ್ಮ ತೋಟದ ನೀರಿಗೆ ನಾವೇ ಕಲ್ಲು ಹಾಕಿಕೊಂಡ ಹಾಗೆ.

ಇನ್ನು ಅಡ್ಡದಾರಿಯ ಮಾತು. ಕೋವಿ ಕಾಗದ ಯಾವುದೂ ಬೇಡ, ಉರುಳು ಹಾಕೋಣ, ಸಿಡಿಮದ್ದು ಇಡೋಣ, ತಂತಿಗೆ ಲೈನಿನ ಕರೆಂಟು ಬಿಡೋಣ ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಹಂದಿಗೆ ಹಾಕಿದ ಉರುಳಿಗೆ ಹುಲಿ, ಚಿರತೆ ಸಿಕ್ಕಿ ಸತ್ತಿವೆ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಗಬ್ಬದ ಆನೆಯೊಂದು ಸಿಡಿಮದ್ದು ತುಂಬಿದ ತಿನಿಸು ಕಚ್ಚಿ, ಬಾಯಿ ಒಡೆದು, ನೀರಿನಲ್ಲಿ ನಿಂತೇ ಸತ್ತದ್ದನ್ನು ದೇಶವೆಲ್ಲ ನೋಡಿತು. ಮದ್ದಿಗೆ ಹಂದಿ ಯಾವುದು, ಮೇಯಲು ಬಂದ ದನ ಯಾವುದು ಎಂದು ಗೊತ್ತಾಗುವುದಿಲ್ಲ. ಕರೆಂಟಿಗೆ ಅದಕ್ಕಿಂತಲೂ ಗೊತ್ತಾಗುವುದಿಲ್ಲ. ರಾತ್ರಿ ನೀರು ತಿರುಗಿಸಲು ಹೋದ ಪಕ್ಕದ ಗದ್ದೆಯವನು ತಂತಿ ಮುಟ್ಟಿದರೆ ಯಾರ ಮನೆಯ ದೀಪ ಆರುತ್ತದೆ? ಈ ಮೂರನ್ನೂ ನಮ್ಮ ಊರಿನ ಗಡಿಯೊಳಗೆ ಬಿಡಬಾರದು ಎಂದು ಇವತ್ತೇ ತೀರ್ಮಾನ ಆಗಲಿ.

ಈಗ ನಿಮಗೆ ಕಹಿ ಎನಿಸುವ ಮಾತು. ಬೇಟೆಯಲ್ಲಿ ಕೋವಿ ಹಿಡಿದು ದಿಣ್ಣೆಯ ಮೇಲೆ ಒಣಗಿದ ಜಾಗದಲ್ಲಿ ಕೂರುವವರು ನಾವು, ಜಮೀನಿದ್ದವರು. ಕೆಸರಿಗೆ ಇಳಿದು ಹಂದಿಗೆ ಎದೆ ಕೊಡುವವರು ಕೂಲಿಯವರು. ಬೆಳೆ ನಮ್ಮದು, ಅಪಾಯ ಅವರದು. ಹಿಂದೆ ಒಂದು ಪಾಲು ಬಾಡು ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದೆವು. ಕಾಯ್ದೆಯ ಪ್ರಕಾರ ಅಪ್ಪಣೆ ಪಡೆದು ಹೊಡೆದ ಹಂದಿ ಸರ್ಕಾರದ ಸ್ವತ್ತು, ಆದೇಶದಲ್ಲಿ ಹೇಳಿದ ಹಾಗೆ ಅದನ್ನು ಒಪ್ಪಿಸಬೇಕು. ಪಾಲೂ ಇಲ್ಲ, ಔತಣವೂ ಇಲ್ಲ. ಔತಣದ ಆಸೆಗೆ ಬರುವವರು ಈಗಲೇ ಹೆಸರು ತೆಗೆಸಿಕೊಳ್ಳಿ. ಹಳು ಹೊಡೆಯುವವರಿಗೆ ಪೂರ್ತಿ ದಿನದ ಕೂಲಿ, ಊಟ, ಆ ದಿನಕ್ಕೆ ಮುಂಚೆಯೇ ಮಾಡಿಸಿದ ಅಪಘಾತ ವಿಮೆ, ಇಷ್ಟನ್ನೂ ಗದ್ದೆಯವರು ಎಕರೆ ಲೆಕ್ಕದಲ್ಲಿ ಹಂಚಿಕೊಳ್ಳಬೇಕು. ಹತ್ತು ಎಕರೆಯವನಿಗೂ ಅರ್ಧ ಎಕರೆಯವನಿಗೂ ಒಂದೇ ವಂತಿಗೆ ಹಾಕುವುದು ನ್ಯಾಯವಲ್ಲ. ಈ ಖರ್ಚಿಗೆ ಯಾರೂ ಸಾಲ ಎತ್ತಬಾರದು.

ಮೊನ್ನೆ ಈ ಮಾತು ಬಂದಾಗ ನಮ್ಮ ಅತ್ತಿಗೆ, ಅದೇ ಅಣ್ಣನ ಹೆಂಡತಿ, ಒಲೆ ಮುಂದೆ ಕೂತವರು ತಲೆ ಎತ್ತದೆ ಹೇಳಿದರು: ‘ಹಂದಿ ಬಿದ್ದರೆ ಗಂಡಸರು ಉಣ್ತಾರೆ. ಗಂಡಸು ಬಿದ್ದರೆ ಸಾಲ ನಾವು ಉಣ್ಬೇಕು.’ ಅವರು ಇಲ್ಲೇ ಹಿಂದೆ ಕೂತಿದ್ದಾರೆ. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಬೇಟೆ ಆಯಿತು, ಐದು ಹಂದಿ ಬಿತ್ತು ಎಂದುಕೊಳ್ಳಿ. ಮುಗಿಯಿತೇ? ಹೆಣ್ಣು ಹಂದಿ ಸುಮಾರು 115 ದಿನಕ್ಕೆ ಈಯುತ್ತದೆ, ಸೂಲಿಗೆ ನಾಲ್ಕಾರು ಮರಿ. ಮನೆ ಹಾಗೇ ಇದ್ದರೆ ಬಾಡಿಗೆಗೆ ಬೇರೆ ಹಿಂಡು ಬರುತ್ತದೆ. 2015ರ ಡಿಸೆಂಬರಿನಲ್ಲಿ ಬಿಹಾರದ ಕೆಲವು ಜಿಲ್ಲೆಗಳಲ್ಲಿ, 2016ರಲ್ಲಿ ಉತ್ತರಾಖಂಡದಲ್ಲಿ ಕಾಡುಹಂದಿಯನ್ನು ಒಂದು ವರ್ಷದ ಮಟ್ಟಿಗೆ ಪೀಡಕ ಪ್ರಾಣಿ ಎಂದು ಕೇಂದ್ರ ಸರ್ಕಾರ ಘೋಷಿಸಿತು. 2022ರ ಮೇ ತಿಂಗಳಲ್ಲಿ ಕೇರಳ ಸರ್ಕಾರ ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೇ ಹಂದಿ ಹೊಡೆಸುವ ಆದೇಶ ಕೊಡುವ ಅಧಿಕಾರ ಕೊಟ್ಟಿತು, ವಿಷ, ಸಿಡಿಮದ್ದು, ಕರೆಂಟು ಬಳಸಬಾರದು ಎಂಬ ಕಟ್ಟಳೆಯೊಂದಿಗೆ. ತೀರ್ಮಾನ ಊರಿನ ಹತ್ತಿರ ಬರಬೇಕು ಎಂಬ ಆ ಮಾತು ಸರಿ, ನಾವೂ ಕೇಳಬೇಕಾದ್ದೇ. ಆದರೆ ಅಲ್ಲೂ ಹಂದಿ ಮುಗಿದಿಲ್ಲ. ಕೋವಿ ಒಂದು ವರ್ಷದ ಉಸಿರು ಕೊಡುತ್ತದೆ. ಆ ಒಂದು ವರ್ಷದಲ್ಲಿ ಹಡ್ಲು ಗದ್ದೆಯಾಗದಿದ್ದರೆ ಉಸಿರು ದಂಡ.

ಇಲಾಖೆ ಕೊಡುವ ಬೆಳೆಹಾನಿಯ ಹಣವನ್ನೂ ಬಿಡಬೇಡಿ. ಅದರ ಹೆಸರು ಏನು ಗೊತ್ತೇ? ದಯಾತ್ಮಕ ಧನ. ನಮ್ಮ ಬೆಳೆ ಹೋದದ್ದಕ್ಕೆ ಅವರ ದಯೆ! ಹೆಸರು ಬದಲಾಗಬೇಕು ಎಂದು ಹೋರಾಡೋಣ, ಅಲ್ಲಿಯ ತನಕ ಅರ್ಜಿ ಹಾಕುತ್ತಲೇ ಇರೋಣ. ಇನ್ನೊಂದು, 2025ರ ನವೆಂಬರಿನಲ್ಲಿ ಕೇಂದ್ರ ಕೃಷಿ ಇಲಾಖೆ ಪ್ರಕಟಿಸಿದಂತೆ 2026ರ ಮುಂಗಾರಿನಿಂದ ಫಸಲ್ ಬಿಮಾ ಯೋಜನೆಯಲ್ಲಿ ಕಾಡುಪ್ರಾಣಿಯಿಂದಾದ ನಷ್ಟಕ್ಕೂ ಅವಕಾಶ ಮಾಡಿದೆ. ಯಾವ ಪ್ರಾಣಿ, ಯಾವ ಜಿಲ್ಲೆ ಎಂದು ರಾಜ್ಯ ಸರ್ಕಾರ ಪಟ್ಟಿ ಮಾಡಬೇಕು, ನಷ್ಟವಾದ 72 ಗಂಟೆಯೊಳಗೆ ಮೊಬೈಲಿನಲ್ಲಿ ಫೋಟೋ ಸಮೇತ ತಿಳಿಸಬೇಕು. ಆ ಪಟ್ಟಿಯಲ್ಲಿ ನಮ್ಮ ಜಿಲ್ಲೆ, ನಮ್ಮ ಹಂದಿ ಇರಬೇಕು ಎಂದು ಕೇಳುವುದು ನಮ್ಮ ಕೆಲಸ. ಫೋಟೋ ತೆಗೆಯುವುದು, ಕಳಿಸುವುದು ಹುಡುಗರ ಕೆಲಸ.

ಆದ್ದರಿಂದ ನನ್ನ ಸೂಚನೆ ಇಷ್ಟು. ಭಾನುವಾರದ ಹೊರಡುವಿಕೆ ನಿಲ್ಲುವುದು ಬೇಡ. ಎಲ್ಲರೂ ಬರೋಣ, ಕೋವಿ ಮನೆಯಲ್ಲಿರಲಿ, ನಾಯಿ ಕಟ್ಟಿರಲಿ. ಕತ್ತಿ, ಗಳ, ಅಳತೆಯ ಹಗ್ಗ ತನ್ನಿ. ಹಗಲು ಹತ್ತು ಗಂಟೆಗೆ ಊರಿನ ಕಡೆಯ ಅಂಚಿನಿಂದ ಶುರುಮಾಡಿ ಗದ್ದಲ ಮಾಡುತ್ತ ಜಿಗ್ಗು ಸವರೋಣ, ಕಾಡಿನ ಕಡೆ ದಾರಿ ತೆರೆದೇ ಇರಲಿ, ಹೋಗುವುದು ತಾನೇ ಹೋಗಲಿ. ಹೆಜ್ಜೆ, ಕಂಡಿ, ಹಾನಿ ಎಲ್ಲ ಬರೆದುಕೊಳ್ಳೋಣ. ಸೋಮವಾರ ಅರ್ಜಿ ಕಚೇರಿಗೆ ಮುಟ್ಟಲಿ. ಅಪ್ಪಣೆ ಬಂದರೆ ಹೇಳಿದ ಕಟ್ಟಳೆಯಲ್ಲಿ ಬೇಟೆ. ಬರಲಿ ಬಾರದಿರಲಿ, ಮಳೆ ಹಿಡಿಯುವುದರೊಳಗೆ ಬಸಿಗಾಲುವೆ ಬಿಡಿಸಿ, ಕಾಡಿನ ಮಗ್ಗುಲಿಗೆ ಅಗಳು ತೆಗೆದು, ಮುಯ್ಯಾಳಿನಲ್ಲಿ ಆ ಗದ್ದೆಗಳಿಗೆ ನೇಗಿಲು ಇಳಿಸೋಣ. ಎಲ್ಲರೂ ಒಟ್ಟಿಗೆ ನೆಟ್ಟರೆ ಕಾಯುವ ರಾತ್ರಿಗಳೂ ಹಂಚಿಹೋಗುತ್ತವೆ. ಒಬ್ಬನಿಗೆ ನಲವತ್ತು ರಾತ್ರಿ ಇದ್ದದ್ದು ಹತ್ತು ಜನಕ್ಕೆ ನಾಲ್ಕು ರಾತ್ರಿ.

ಅಷ್ಟು ಮಾಡಿ ಬೆಳೆದ ಭತ್ತಕ್ಕೆ ಬೆಲೆ ಸಿಗದಿದ್ದರೆ ಹಡ್ಲು ಮತ್ತೆ ಬರುತ್ತದೆ, ಅದರ ಹಿಂದೆ ಹಂದಿಯೂ ಬರುತ್ತದೆ. ಹಾಗಾಗಿ ಬೆಲೆಯ ಹೋರಾಟವನ್ನು ಹಂದಿಯ ಕಾರಣಕ್ಕೂ ಬಿಡುವ ಹಾಗಿಲ್ಲ. ಆದರೆ ಬೆಲೆ ಬರುವ ತನಕ ಗದ್ದೆ ಕಾಯುವುದಿಲ್ಲ, ಮಳೆಯೂ ಕಾಯುವುದಿಲ್ಲ.

ಮೊದಲು ಹಸನು ಮಾಡಬೇಕಾದ್ದು ಅಣ್ಣನ ಒಂದೂವರೆ ಎಕರೆ. ಅದನ್ನು ಬಿಟ್ಟವರಲ್ಲಿ ನಾನಿದ್ದೆ, ಆದ್ದರಿಂದ ಭಾನುವಾರದ ಪಟ್ಟಿಯಲ್ಲಿ ಮೊದಲ ಹೆಸರು ನನ್ನದು ಬರೆಯಿರಿ. ಮುಂದಿನ ಹೆಸರುಗಳನ್ನು ನೀವು ಹೇಳಿ.